ಬಿಸಿಲು ಒರಳು ಮುಟ್ಟುವ ತನಕ

ಬಿಸಿಲಿನ ಬಿಲ್ಲೆ ಇನ್ನೂ ಕಂಬದ ಬುಡದಲ್ಲೇ ಇದೆ, ಒಡೆದ ಹೆಂಚಿನ ಸಂದಿಯಿಂದ ಇಳಿದು, ನಾನು ಈಗತಾನೆ ಸಗಣಿ ಸಾರಿಸಿದ ನೆಲದ ಮೇಲೆ ಒದ್ದೆಯಾಗಿ ಹೊಳೆಯುತ್ತಾ ಕೂತಿದೆ, ಅದು ತೆವಳಿಕೊಂಡು ಹೋಗಿ ಒರಳು ಮುಟ್ಟಬೇಕು, ಮುಟ್ಟಿದರೆ ಹೊತ್ತು ನೆತ್ತಿಗೆ ಬಂತು ಅಂತ, ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆಯೇ ತೋರಿಸಿಕೊಟ್ಟಿದ್ದರು, ನೋಡು ಸಿದ್ದಿ, ಅಗೋ ಅಲ್ಲಿಗೆ ಬರೋದ್ರೊಳಗೆ ಮುದ್ದೆಗೆ ಎಸರಿಟ್ಟಿರಬೇಕು, ನಿನ್ನ ಗಂಡ ಹೊಟ್ಟೆಬಾಕ, ತಡವಾದ್ರೆ ಒರಳನ್ನೇ ತಿಂದಾನು — ಅಂತ ನಕ್ಕಿದ್ದರು, ಎಲೆ ಅಡಿಕೆ ಹಾಕಿ ಕೆಂಪಾದ ಬಾಯಿ, ಆ ಬಾಯಿ — ಬೇಡ, ಆ ಬಾಯಿಯ ಯೋಚನೆ ಬೇಡ, ಅಗೋ ಆ ಮೂಲೆ ಬಿಟ್ಟುಹೋಗಿದೆ, ಸಾರಿಸು. ಅತ್ತೆ ಕೋಣೆಯಲ್ಲಿ ಮಲಗಿದ್ದಾರೆ. ಯಾರು ಕೇಳಿದರೂ ಹಾಗೆ ಹೇಳಬೇಕು, ಮಲಗವ್ರೆ. ಬೆಳ್ಳಿ ಮೂಡುವ ಹೊತ್ತಿಗೆ ಅವರ ಉಸಿರು ನಿಂತುಹೋಯಿತು, ಅದು ಗೊತ್ತಿರುವುದು ನನಗೆ, ಮತ್ತೆ ಬೆಟ್ಟದ ಮೇಲಿರುವ ಮಾದಪ್ಪನಿಗೆ, ಬಿಸಿಲು ಒರಳು ಮುಟ್ಟಲಿ, ಆಮೇಲೆ ಬಾಗಿಲಿಗೆ ಹೋಗಿ ಬಾಯಿ ಬಡಿದುಕೊಂಡು ಅಳುತ್ತೇನೆ, ಬೀದಿಯವರೆಲ್ಲ ಬರುವ ಹಾಗೆ ಅಳುತ್ತೇನೆ, ಅಲ್ಲಿಯವರೆಗೆ ಅತ್ತೆ ಸತ್ತಿಲ್ಲ.

ಐನೋರು ಪಂಚಾಂಗ ಬಿಚ್ಚಿ ಹೇಳಿದ್ದು ಅದನ್ನೇ, ಈಗ ನಡೀತಿರೋದು ಕೆಟ್ಟ ನಕ್ಷತ್ರ ಕಣಮ್ಮ, ಸೋಮವಾರ ಹೊತ್ತು ನೆತ್ತಿಗೆ ಬರೋವರೆಗೂ ಇದೆ, ಅಷ್ಟರೊಳಗೆ ಮುದುಕಿ ಹೋದರೆ ಮನೆ ಬಿಡಬೇಕಾಗುತ್ತೆ. ಮನೆ ಬಿಡುವುದು ಅಂದರೇನು ಅಂತ ನನಗೆ ಗೊತ್ತಿಲ್ಲವೇ, ಬೀದಿಯ ಕೊನೆಯಲ್ಲಿ ಕರಿಯಯ್ಯನ ಮನೆ ಹಾಗೇ ನಿಂತಿದೆಯಲ್ಲ, ಅವನಪ್ಪ ಅಂಥ ನಕ್ಷತ್ರದಲ್ಲಿ ಹೋದ ಅಂತ ಹೆಣವನ್ನು ಬಾಗಿಲಲ್ಲಿ ತರದೆ ಹಿಂದಿನ ಗೋಡೆ ಒಡೆದು ತೆಗೆದರು, ಬಾಗಿಲಿಗೆ ಅಡ್ಡಡ್ಡ ಮುಳ್ಳು ಬಡಿದರು, ತಿಂಗಳುಗಟ್ಟಲೆ ದೀಪವಿಲ್ಲ, ಮುಳ್ಳು ತೆಗೆದ ಮೇಲೂ ಬಾಡಿಗೆಗೆ ಕೂಡ ಒಬ್ಬರು ಬರಲಿಲ್ಲ, ಈಗ ಬಾವಲಿಗಳದ್ದೇ ಸಂಸಾರ. ನಮ್ಮ ಮನೆಗೂ ಹಾಗಾದರೆ ಯುಗಾದಿಯೊಳಗೆ ಯಾರು ಕೊಳ್ಳುತ್ತಾರೆ, ಈ ಮನೆ ಮಾರಿದ ದುಡ್ಡಿಗೇ ಸಾಲಿಗ್ರಾಮದಲ್ಲಿ ಕಾಲುವೆ ಪಕ್ಕದ ಗದ್ದೆ ನೋಡಿದ್ದೇವೆ, ಯುಗಾದಿವರೆಗೂ ನಿಮಗೇ ಇಟ್ಟಿರ್ತೀನಿ ಕಂಠಪ್ಪ, ಆಮೇಲೆ ಬೇರೆಯವರಿಗೆ ಅಂತ ಗದ್ದೆಯವರು ಮಾತು ಕೊಟ್ಟಿದ್ದಾರೆ, ನಮ್ಮ ಯಜಮಾನರೋ ಅಲ್ಲೇ ಹೋಗಿ ಕೂತಿದ್ದಾರೆ, ಗಾಡಿ ಚಕ್ರ ಕಡೆಯುವ ಕೈ, ನಮ್ಮ ಹುಣಸೂರಿಗೆ ಮೋಟಾರು ಲಾರಿ ಬಂದ ಮೇಲೆ ಆ ಕೈಗೆ ಕೆಲಸವೇ ಇಲ್ಲ, ಬರೀ ಕೂತು ಕೂತು ಬೆರಳು ನೋಡಿಕೊಳ್ಳುತ್ತಿದ್ದರು, ಆ ಗದ್ದೆಯ ಮಾತು ಬಂದ ದಿನ ಮತ್ತೆ ನಕ್ಕರು. ಹೊರಡುವಾಗ ಹೇಳಿದ್ದು, ಸೋಮವಾರ ಕಲಾಯಿ ಸಾಯಬ್ರು ಮನೆ ನೋಡಾಕೆ ಬತ್ತಾರೆ, ಮನೆ ಕಳೆಯಾಗಿರ್ಲಿ, ಅವ್ವನ್ನ ನೋಡ್ಕೊ. ಎರಡೂ ಒಂದೇ ಉಸಿರಿಗೆ. ನಾನು ಮನೆ ನೋಡಿಕೊಂಡೆ.

ಐನೋರ ಮಾತು ಅತ್ತೆಯ ಕಿವಿಗೂ ಬಿತ್ತು, ಕಣ್ಣು ಮಂಜಾಗಿದ್ದರೂ ಕಿವಿ ಚುರುಕು, ನನ್ನ ಕೈ ಹಿಡಿದುಕೊಂಡರು, ತಡ್ಕತೀನಿ ಕಣವ್ವ, ಸೋಮವಾರ ಮಧ್ಯಾನದಗಂಟ ತಡ್ಕತೀನಿ, ನನ್ನಿಂದ ನಿಮ್ಗೆ ಮನೆ ಕೆಡೋದು ಬ್ಯಾಡ. ತಡೆದುಕೊಂಡರು, ಹೆರಿಗೆ ನೋವು ತಡೆದುಕೊಳ್ಳುವವರ ಹಾಗೆ ಹಲ್ಲು ಕಚ್ಚಿಕೊಂಡು, ಹಗಲೂ ರಾತ್ರಿ, ನಾನು ಪಕ್ಕದಲ್ಲಿ ಕೂತು ಮಾದಪ್ಪಾ ಮಾದಪ್ಪಾ ಅಂತಿದ್ದೆ, ಅತ್ತೆಯನ್ನು ಉಳಿಸು ಅಂತಲ್ಲ, ಮಧ್ಯಾಹ್ನದವರೆಗೆ ಉಳಿಸು ಅಂತ, ಅದೂ ಒಂದು ಹರಕೆಯೇ ತಂದೆ, ಹಾಗೆ ಕೇಳಿದವರು ಇನ್ಯಾರಾದರೂ ಇದ್ದಾರೆಯೇ ನಿನ್ನ ಮುಂದೆ. ಬೆಳಗಿನ ಜಾವ ಬಾಯಿ ತೆರೆದರು, ನೀರು ಅಂದರು, ಇಲ್ಲ, ಅನ್ನಲಿಲ್ಲ, ಬರೀ ನಾಲಿಗೆ ಆಡಿತು, ಗಿಂಡಿ ನನ್ನ ಕೈಯಲ್ಲೇ ಇತ್ತು, ತುಳಸಿ ಎಸಳು ಹಾಕಿದ ನೀರು, ಕೊನೇ ನೀರು ಬಾಯಿಗೆ ಬಿದ್ದರೆ ಜೀವ ಹಗುರಾಗಿ ಹೊರಟುಬಿಡುತ್ತೆ ಅಂತಾರಲ್ಲ, ಅದಕ್ಕೇ, ಇನ್ನೊಂದಿಷ್ಟು ಹೊತ್ತು ಅತ್ತೆ, ಬೆಳಕು ಹರೀಲಿ, ಇನ್ನೊಂದಿಷ್ಟು — ಗಿಂಡಿ ಮಡಿಲಲ್ಲಿಟ್ಟುಕೊಂಡೇ ಕೂತೆ, ಬಾಯಿ ತೆರೆದೇ ಇತ್ತು, ತೆರೆದೇ ಉಳಿಯಿತು. ಕಣ್ಣು ಮುಚ್ಚಿದೆ. ದವಡೆಗೆ ಬಟ್ಟೆ ಕಟ್ಟಲಿಲ್ಲ, ಕಟ್ಟಿದರೆ ನೋಡಿದವರಿಗೆ ಗೊತ್ತಾಗುತ್ತೆ.

ಆಮೇಲೆ ಕೈ ತಾನಾಗೇ ಆಡಿತು. ಹೆಣ ಇರುವ ಮನೆಯಲ್ಲಿ ಒಲೆ ಹಚ್ಚಬಾರದು, ಹಚ್ಚಿದೆ, ಹೆಂಚಿನ ಮೇಲೆ ಹೊಗೆಯಾಡಿದರೆ ತಾನೇ ನೋಡುವವರಿಗೆ ಇದು ಉಂಡು ತಿನ್ನುವ ಮನೆ ಅಂತ ಕಾಣುವುದು. ರಂಗೋಲಿ ಇಕ್ಕಬಾರದು, ಇಕ್ಕಿದೆ, ಒಂದು ಎಸಳು ಸೊಟ್ಟಗಾಯಿತು, ಅಳಿಸಿ ಮತ್ತೆ ಇಕ್ಕಿದೆ. ಜಗಲಿಗೆ ಕೆಮ್ಮಣ್ಣು, ಹೊಸ್ತಿಲಿಗೆ ಅರಿಶಿನ, ಬಾಗಿಲಿಗೆ ಮಾವಿನ ಸೊಪ್ಪು, ಸಾಂಬ್ರಾಣಿ ಹಾಕಿ ಕೋಣೆಯವರೆಗೂ ಹೊಗೆ ಕೊಟ್ಟೆ, ಕಂಬಳಿ ಗಲ್ಲದವರೆಗೆ ಎಳೆದೆ. ಈ ನೆಲವನ್ನು ಇಷ್ಟು ನುಣ್ಣಗೆ ನಾನು ಎಂದೂ ಸಾರಿಸಿರಲಿಲ್ಲ, ಅತ್ತೆ ಬೈಯುತ್ತಿದ್ದರು, ನಿನ್ನ ಸಾರಿಸೋದು ಎಮ್ಮೆ ನಾಲಿಗೆಯಲ್ಲಿ ನೆಕ್ಕಿದಂಗದೆ ಕಣೆ. ನೋಡಿ ಅತ್ತೆ, ಇವತ್ತು ನೋಡಿ. ಬಿಲ್ಲೆ ಕಂಬ ಬಿಟ್ಟಿತು, ಇನ್ನೊಂದು ಮೊಳ —

ಸಿದ್ದಮ್ಮೋ, ನಿನ್ ಮನೆ ಕೊಳ್ಳೋರು ಬಂದವ್ರೆ ಬಾರೆ! ಚಿಕ್ಕಬೀರಮ್ಮ, ಪಕ್ಕದ ಮನೆಯವಳು, ಕರೆಯದೆಯೇ ಬರುವವಳು, ಹಿಂದೆ ಅಹಮದ್ ಪಾಷಾ ಸಾಯಬ್ರು, ಪಿರಿಯಾಪಟ್ಟಣದಿಂದ ಇದ್ದಲು ಸುಟ್ಟು ಓಡುವ ಮೋಟಾರು ಬಸ್ಸಿನಲ್ಲಿ ಬಂದು ಮುಖವೆಲ್ಲ ಮಸಿ, ಜೊತೆಗೆ ಅವರ ಮನೆಯವರು ಅಜೀಜುನ್ನೀಸಾ, ಮೋಟಾರು ಇಷ್ಟು ಬೇಗ ಯಾಕೆ ಬಂತು, ಬನ್ನಿ ಬನ್ನಿ ಅಂತಿದೆ ನನ್ನ ಬಾಯಿ, ನಗುತ್ತಲೂ ಇದೆ. ಸಾಯಬ್ರು ಹಬ್ಬದ ಮುಂಚೆ ನಮ್ಮ ಬೀದಿಗೆ ಪಾತ್ರೆಗೆ ಕಲಾಯಿ ಹಾಕಲು ಬರುವವರು, ಇದೇ ಜಗಲಿಯಲ್ಲಿ ಕೂತು ಅತ್ತೆಯ ಕೈಯ ಮಜ್ಜಿಗೆ ಕುಡಿದವರು. ಕೆಮ್ಮಣ್ಣು ಬಳಿದ ಜಗಲಿ ತಟ್ಟಿ ನೋಡುತ್ತಾರೆ, ಇಲ್ಲಿ ಕಲಾಯಿ ತಿದಿ ಹೂಡಿದ್ರೆ ಬೀದಿಗೆಲ್ಲ ಕಾಣ್ತದೆ, ಬಾವಿ ನೀರು ಸಿಹಿಯೇನಮ್ಮ, ಸಿಹಿ ಸಾಯಬ್ರೇ. ಅಜೀಜುನ್ನೀಸಾ ಒಲೆ ನೋಡಿ, ಇವರ ಮಾತು ಕೇಳಬೇಡಿ ತಂಗಿ, ಜಗಲಿ ಅವರಿಗೆ, ಒಳಗೆ ಹೊಗೆ ಕುಡಿಯೋಳು ನಾನು ಅನ್ನುತ್ತಾರೆ, ಎಲ್ಲ ನಗುತ್ತಾರೆ, ಹೆಣದ ಮನೆಯಲ್ಲಿ ಇಷ್ಟು ನಗು. ಚಿಕ್ಕಬೀರಮ್ಮನಿಗೆ ಸುಮ್ಮನಿರಲು ಬರುವುದಿಲ್ಲ, ಎಲ್ಲ ಕೇಳ್ಕಳಿ ಸಾಯಬ್ರೇ, ಇಲ್ಲಿ ಯಾರಾನ ಕೆಟ್ಟ ನಕ್ಷತ್ರದಾಗೆ ಹೋದ್ರಾ ಅಂತ, ಆಮೇಲೆ ನಮ್ ಕರಿಯಯ್ಯನ ಮನೆ ಥರ ಆದಾತು — ಸಾಯಬ್ರು ಟೋಪಿ ತೆಗೆದು ಮಸಿ ಕೊಡವಿಕೊಂಡು ನಕ್ಕರು, ನಮಗೆ ನಕ್ಷತ್ರ ಎಲ್ಲಿ ನೋಡಾಕಾಯ್ತದವ್ವ, ಯಾವ ಹೊತ್ತಾದ್ರೂ ಅಲ್ಲಾ ಕರೆದ ಹೊತ್ತೇ, ಮೊದ್ಲು ಕರಿಯಯ್ಯನ ಮನೇನೇ ಕೇಳಿದ್ದೆ, ಅದಕ್ಕೆ ಜಗಲಿ ಇಲ್ಲ ಅಂತ ಬಿಟ್ಟೆ.

ಜಗಲಿ ಇಲ್ಲ. ಬರೀ ಜಗಲಿ. ಹಾಗಾದರೆ ಅತ್ತೆ ಹಲ್ಲು ಕಚ್ಚಿ ತಡೆದುಕೊಂಡದ್ದು, ನಾನು ಗಿಂಡಿ ಮಡಿಲಲ್ಲಿಟ್ಟುಕೊಂಡು ಕೂತದ್ದು, ಒಲೆ, ರಂಗೋಲಿ, ಯಾರಿಗಾಗಿ, ಆಗಲೇ ನೀರು ಬಿಟ್ಟಿದ್ದರೂ ಇವರು ಕೊಳ್ಳುತ್ತಿದ್ದರು, ಆಗಲೇ ಅತ್ತಿದ್ದರೂ ಕೊಳ್ಳುತ್ತಿದ್ದರು, ಮೊದಲು ಬಂದು ಅಳುವವರ ಜೊತೆ ಕೂತು ಆಮೇಲೆ ಕೊಳ್ಳುತ್ತಿದ್ದರು, ಬಚ್ಚಿಡುವ ಮುಂಚೆ ಇವರನ್ನು ಒಂದು ಮಾತು ಕೇಳಲಿಲ್ಲವಲ್ಲ ನಾನು, ನಕ್ಷತ್ರ ಎಲ್ಲರ ಮೇಲೂ ಒಂದೇ ಥರ ಬೀಳುತ್ತೆ ಅಂದುಕೊಂಡೆ — ಮಜ್ಜಿಗೆ ಅಜ್ಜಿ ಎಲ್ಲಿ ತಂಗಿ ಅಂತಾರೆ ಅಜೀಜುನ್ನೀಸಾ, ಇವರಿಗೆ ದಾರಿಯುದ್ದಕ್ಕೂ ಅವರದ್ದೇ ಮಾತು, ಮಲಗವ್ರೆ ಅಂದೆ, ಎಬ್ಬಿಸಲ್ಲ ಬಿಡಿ, ಮುಖ ನೋಡಿ ಬರ್ತೀನಿ, ಮಲಗವ್ರೆ ಅಂದೆನಲ್ಲ, ಅಜೀಜುನ್ನೀಸಾ ಆಗಲೇ ಕೋಣೆಯೊಳಗೆ ಕಾಲಿಟ್ಟಿದ್ದಾರೆ, ಸೆರಗು ತಲೆ ಮೇಲೆ ಎಳೆದುಕೊಂಡು ಹಾಸಿಗೆ ಪಕ್ಕ ಕೂರುತ್ತಾರೆ, ಅಯ್ಯೋ, ಬಾಯಿ ಎಷ್ಟು ಒಣಗಿದೆ ಪಾಪ, ಗೂಡಿನಲ್ಲಿದ್ದ ಗಿಂಡಿ ಕೈಗೆತ್ತಿಕೊಳ್ಳುತ್ತಾರೆ, ಒಳಗೆ ಇಣುಕಿ, ಇದರ ಕಲಾಯಿ ಹೋಗಿದೆ ನೋಡ್ರೀ ಅಂತ ಗಂಡನಿಗೆ ಕೂಗಿ ಹೇಳುತ್ತಾರೆ, ಅದೇ ಗಿಂಡಿ, ಅದೇ ನೀರು, ತುಳಸಿ ಎಸಳು ಮೂತಿಗೆ ಬಂದು ಅಂಟಿದೆ, ಬೇಡ ಅನ್ನಬೇಕು, ನಾನೇ ಹಾಕಬೇಕಾಗಿದ್ದ ನೀರು ಅನ್ನಬೇಕು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೇನೆ, ಹಿಂದೆ ನಡುಮನೆಯಲ್ಲಿ ಬಿಸಿಲು ಒರಳು ಮುಟ್ಟಿತೋ ಇಲ್ಲವೋ ತಿರುಗಿ ನೋಡಲಾರೆ, ಕುಡೀರಿ ಅಮ್ಮಾ, ಕುಡೀರಿ ಅಂತ ಮಗುವಿಗೆ ಹೇಳಿದ ಹಾಗೆ ಹೇಳುತ್ತಾ ಅವರು ಗಿಂಡಿ ಬಾಗಿಸುತ್ತಾರೆ, ಬಾಯಿ ತೆರೆದೇ ಇದೆ, ನೀರು ಬೀಳುತ್ತದೆ, ತುಂಬುತ್ತದೆ, ಒಳಗೆ ಹೋಗುವುದಿಲ್ಲ, ತುಟಿಯ ಕೊನೆಯಿಂದ ಹೊರಗೆ ಬಂದು ಕೆನ್ನೆಯ ಸುಕ್ಕು ಹಿಡಿದು ಕಿವಿಯ ಕಡೆಗೆ ಇಳಿಯುತ್ತದೆ, ಇಳಿಯುತ್ತಲೇ ಇದೆ, ಬಾಯಿ ತೆರೆದೇ ಇದೆ, ನೀರು ಒಳಗೆ ಹೋಗುತ್ತಿಲ್ಲ