ಸದ್ದಿಲ್ಲದ ಡಬ್ಬಿ

ಹಡಗಿನಲ್ಲಿ ನಾನು ವಿದ್ಯುತ್ ಅಧಿಕಾರಿ. ಒಂದು ಸಣ್ಣ ಊರಿಗೇ ಬೆಳಕು ಕೊಡಬಲ್ಲ ಜನರೇಟರುಗಳು ನನ್ನ ಮಾತು ಕೇಳುತ್ತವೆ. ಅಂಥ ನಾನು, ಕೋಟೊರ್ ಎಂಬ ಬಂದರೂರಿನ ತ್ರಿಪೋ, ಕಂಪ್ಯೂಟರಿಗೆಂದು ಅಂಗೈ ಮೇಲೆ ಕೂರುವ ಒಂದು ಪವರ್ ಸಪ್ಲೈ ಕೊಳ್ಳಲು ಹೋಗಿ ಇಡೀ ರಜೆಯನ್ನು ಹಾಳುಮಾಡಿಕೊಂಡೆ. ಹೆಂಡತಿ ನೆರೀನಾ ಇದನ್ನು ಊರೆಲ್ಲ ಸಾರಿಕೊಂಡು ಬರುವ ಮೊದಲು ನಾನೇ ಹೇಳಿಬಿಡುವುದು ವಾಸಿ. ಅವಳ ಬಾಯಲ್ಲಿ ನಾನು ಇನ್ನಷ್ಟು ದಡ್ಡನಾಗುತ್ತೇನೆ.

ನಮ್ಮ ಸಂಸಾರವೆಂದರೆ ಆರು ತಿಂಗಳು ಸಮುದ್ರ, ಮೂರು ತಿಂಗಳು ಮನೆ. ಸಮುದ್ರದ ತಿಂಗಳುಗಳಲ್ಲಿ ಫೋನಿನ ಮಾತು ಸವೆದು ಸವೆದು ‘ಊಟ ಆಯ್ತಾ’, ‘ಆಯ್ತು’, ‘ಮತ್ತೆ’, ‘ಮತ್ತೇನಿಲ್ಲ’ ಎಂಬಲ್ಲಿಗೆ ಬಂದು ನಿಂತಿತ್ತು. ಹೋದ ಸಲ ಒಂದು ವಾರ ಅವಳೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಇಬ್ಬರಿಗೂ ಅದು ಹಾಯೆನಿಸಿತ್ತು ಎಂದು ಆಮೇಲೆ ಗೊತ್ತಾಯಿತು. ನನಗೆ ಹೆದರಿಕೆಯಾದದ್ದು ಅದಕ್ಕೇ.

ನೆರೀನಾ ಹಗಲು ಔಷಧದ ಅಂಗಡಿಯಲ್ಲಿ ಮಾತ್ರೆ ಕೊಡುತ್ತಾಳೆ, ಸಂಜೆ ಕಂಪ್ಯೂಟರಿನ ಮುಂದೆ ಕೂತು ರಾಕ್ಷಸರನ್ನು ಕೊಲ್ಲುತ್ತಾಳೆ. ಈ ಸಲ ರಜೆಗೆ ಬಂದವನು ಬೇಜಾರಿಗೆ ಅವಳ ಪಕ್ಕ ಕೂತೆ, ಆಟ ಕಲಿತೆ. ನಾನು ಗುಹೆಗುಹೆಯಲ್ಲಿ ಸಾಯುತ್ತಿದ್ದೆ, ಅವಳು ಬೈದು ಬೈದು ಬದುಕಿಸುತ್ತಿದ್ದಳು. ಎರಡು ಸಾವುಗಳ ನಡುವೆ ಅವಳು ತಂಗಿಯೊಡನೆ ಮಾತು ಬಿಟ್ಟದ್ದನ್ನು ಹೇಳಿದಳು, ಎದೆಯಲ್ಲಿ ಗಂಟಿದೆಯೆಂದು ಹೆದರಿ ಒಬ್ಬಳೇ ಆಸ್ಪತ್ರೆಗೆ ಹೋಗಿ ಏನೂ ಇಲ್ಲವೆಂದು ತಿಳಿದು ಬಂದದ್ದನ್ನೂ ಹೇಳಿದಳು. ಫೋನಿನಲ್ಲಿ ಇದೊಂದೂ ಬಂದಿರಲಿಲ್ಲ. ಕೈಗೆ ಕೆಲಸ ಕೊಟ್ಟರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ ಅನ್ನಿಸುತ್ತದೆ.

ಹಡಗಿಗೆ ನೀನೂ ಒಂದು ಕಂಪ್ಯೂಟರ್ ಒಯ್ಯಿ, ಅಲ್ಲಿಂದಲೇ ಆಡೋಣ ಎಂದದ್ದು ಅವಳೇ.

“ಇನ್ನೂ ಆರು ತಿಂಗಳು ‘ಊಟ ಆಯ್ತಾ’ ಅಂತ ಕೇಳಿಸ್ಕೊಳ್ಳೋದಾದ್ರೆ ನಾನು ಊಟಾನೇ ಬಿಟ್ಬಿಡ್ತೀನಿ, ತ್ರಿಪೋ.”

ನಗುತ್ತಲೇ ಹೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ.

ಕಂಪ್ಯೂಟರ್ ಸೂಟ್‌ಕೇಸಿನಲ್ಲಿ ಹಿಡಿಯಬೇಕು. ನೆರೀನಾ ಎಲೆಕೋಸಿನ ಸುರುಳಿ ಬೇಯಿಸುವ ಪಾತ್ರೆಯಷ್ಟೇ ಇರುವ ಕಂಪ್ಯೂಟರ್ ಕೇಸು ತರಿಸಿದೆ. ಮಿಕ್ಕ ಭಾಗಗಳೆಲ್ಲ ವಾರದೊಳಗೆ ಬಂದವು. ಉಳಿದದ್ದು ಅವಕ್ಕೆಲ್ಲ ವಿದ್ಯುತ್ ಹಂಚುವ ಡಬ್ಬಿ, ಪವರ್ ಸಪ್ಲೈ ಒಂದೇ. ವಿದ್ಯುತ್ತಿನ ವಿಷಯ ತಾನೇ, ನನ್ನ ವಿದ್ಯೆ ತಾನೇ, ಇದನ್ನು ಮಾತ್ರ ಸರಿಯಾಗಿ ನೋಡಿ ತರುತ್ತೇನೆ ಎಂದೆ. ಆ ಮಾತು ಆಡುವಾಗ ನನ್ನ ಬಾಯಿಗೆ ಯಾರಾದರೂ ಒಂದು ಅಂಜೂರ ತುರುಕಿದ್ದರೆ ಚೆನ್ನಾಗಿತ್ತು.

ಪಕ್ಕದೂರು ತಿವಾತಿನಲ್ಲಿ ಕಂಪ್ಯೂಟರ್ ಅಂಗಡಿಯಿಟ್ಟಿರುವ ಗೆಳೆಯ ವಾಸೋ ಮೂರು ಡಬ್ಬಿ ಮುಂದಿಟ್ಟು, ಯಾವುದಾದ್ರೂ ಆಗತ್ತೆ ಮಾರಾಯ, ಕಣ್ಮುಚ್ಕೊಂಡು ತಗೋ ಎಂದ. ನಾನು ಕಣ್ಮುಚ್ಚುವ ಪೈಕಿಯೇ? ಮೊದಲನೆಯದರಲ್ಲಿ ಶಕ್ತಿ ಸಾಲುತ್ತಿತ್ತು, ಆದರೆ ಸಾಕಷ್ಟು ಮಿಗುತ್ತಿರಲಿಲ್ಲ. ಹಡಗಿನಲ್ಲಿ ಒಂದು ಜನರೇಟರ್ ಓಡುವಾಗ ಇನ್ನೊಂದು ಸಿದ್ಧವಾಗಿ ನಿಂತಿರಬೇಕು, ಆ ಚಾಳಿ ನನ್ನ ರಕ್ತಕ್ಕೇ ಇಳಿದಿದೆ. ಎರಡು ಕೊಂಡು ಒಂದನ್ನು ಸೂಟ್‌ಕೇಸಿನಲ್ಲಿಡಲೇ ಎಂದೂ ಕೇಳಿದೆ. ಹಾಗಾದ್ರೆ ಚಿಕ್ಕದು ಯಾಕಪ್ಪಾ ಬೇಕು ನಿಂಗೆ ಎಂದು ವಾಸೋ ಕಾಫಿ ತರಲು ಎದ್ದುಹೋದ.

ನಿಜವಾದ ಹುಚ್ಚು ಹಿಡಿದದ್ದು ಸದ್ದಿನ ವಿಷಯದಲ್ಲಿ. ಚಿಕ್ಕ ಡಬ್ಬಿಗೆ ಚಿಕ್ಕ ಫ್ಯಾನು. ಚಿಕ್ಕ ಫ್ಯಾನು ಜೋರಾಗಿ ತಿರುಗಬೇಕು, ತಿರುಗಿದರೆ ಗುಂಯ್‌ಗುಡುತ್ತದೆ. ದೊಡ್ಡ ಫ್ಯಾನಿನ ಸದ್ದು ಮೆತ್ತಗಿರುತ್ತದೆ, ಆದರೆ ಡಬ್ಬಿ ಕಿರುಬೆರಳಿನ ಅಗಲದಷ್ಟು ಉದ್ದ ಹೆಚ್ಚಾಗಿ ಅದರ ವೈರು ಪಕ್ಕದ ಗ್ರಾಫಿಕ್ಸ್ ಕಾರ್ಡಿಗೆ ಒತ್ತಿಕೊಳ್ಳುತ್ತದೆ. ಪುಣ್ಯಾತ್ಮರು ಈ ಸದ್ದನ್ನೆಲ್ಲ ಅಳೆದು ಅಂತರ್ಜಾಲದಲ್ಲಿ ಬರೆದಿಟ್ಟಿದ್ದಾರೆ, ಕೆಳಗೆ ಕಾಮೆಂಟುಗಳಲ್ಲಿ ಬಡಿದಾಡಿಕೊಂಡೂ ಇದ್ದಾರೆ. ನಾನು ಎಲ್ಲವನ್ನೂ ಓದಿದೆ, ಬಡಿದಾಟಕ್ಕೂ ಇಳಿದೆ. ಪೋಲೆಂಡಿನ ಯಾರೋ ಒಬ್ಬ ನನ್ನನ್ನು ಕಿವುಡ ಎಂದ. ಆ ಸಿಟ್ಟಿಗೆ ವಾಸೋನಿಂದ ಎರಡು ಡಬ್ಬಿ ಎರವಲು ತಂದೆ. ಅಡುಗೆಮನೆಯ ಮೇಜಿನ ಮೇಲಿಟ್ಟು, ಕಿವಿಯಿಟ್ಟು ಕೇಳಿದೆ. ಫ್ರಿಜ್ಜಿನ ಸದ್ದು ಅಡ್ಡ ಬಂತು, ಅದರ ವೈರು ಕಿತ್ತೆ. ಮತ್ತೆ ಸಿಕ್ಕಿಸುವುದನ್ನು ಮರೆತೆ.

ಮರುದಿನ ಮಧ್ಯಾಹ್ನಕ್ಕೆ ಫ್ರಿಜ್ಜಿನಲ್ಲಿದ್ದ ಮೀನು ಮನೆತುಂಬ ನಾರಿತು. ನೆರೀನಾ ಮಂಗಳಾರತಿ ಎತ್ತಿದಳು. ಹಡಗಿನಲ್ಲಿ ದೀಪ ಉರಿಯುತ್ತಿರುವುದು ದೇವರ ದಯೆ, ಇವನ ದಯೆಯಲ್ಲ ಎಂದು ನೆರೆಯವರಿಗೂ ಕೇಳುವಂತೆ ಹೇಳಿದಳು.

ಕೊನೆಗೂ ಒಂದು ಸಿಕ್ಕಿತು. ಬಿಸಿಯೇರುವ ತನಕ ಅದರ ಫ್ಯಾನು ತಿರುಗುವುದೇ ಇಲ್ಲವಂತೆ. ಜರ್ಮನಿಯಿಂದ ಬರಬೇಕು. ರಜೆಯ ಕೊನೆಯ ತಿಂಗಳಲ್ಲಿ ಝಾಬ್ಲ್ಯಾಕಿನ ಬೆಟ್ಟಕ್ಕೆ ಹೋಗಿ ನಾಲ್ಕು ದಿನ ಇರುವುದೆಂದು ನೆರೀನಾ ಅಂಗಡಿಗೆ ರಜೆ ಹಾಕಿದ್ದಳು. ಆ ನಾಲ್ಕು ದಿನವೂ ಕೊರಿಯರಿನವನು ಬಂದಾನೆಂದು ನಾನು ಬಾಗಿಲು ಕಾದೆ. ಅವಳು ಚೀಲದಿಂದ ಬೆಟ್ಟದ ಬೂಟುಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಡಬ್ಬಿ ಬಂದ ದಿನವೇ ಕಂಪನಿಯಿಂದ ಫೋನೂ ಬಂತು, ಹಡಗಿಗೆ ವಾರ ಮೊದಲೇ ಬರಬೇಕೆಂದು. ಗಡಿಬಿಡಿಯಲ್ಲಿ ಜೋಡಿಸಿದೆ. ಕೂದಲೆಳೆಯಷ್ಟು ಜಾಗ ಉಳಿಸಿ ಒಳಗೆ ಕೂತಿತು. ಗುಂಡಿ ಒತ್ತಿದೆ.

“ಆನ್ ಆಗಿದ್ಯಾ ಅದು?” ನೆರೀನಾ ಕೇಳಿದಳು.

ಅದಕ್ಕಿಂತ ಸಿಹಿಯಾದ ಮಾತನ್ನು ಅವಳು ನನಗೆ ಮದುವೆಯ ದಿನವೂ ಆಡಿರಲಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾದೆ.

ಹಡಗು ಹತ್ತಿದ ಮೇಲೆ ಮೊದಲ ಭಾನುವಾರ, ಮಧ್ಯಾಹ್ನದ ಬಿಡುವಿನಲ್ಲಿ, ನನ್ನ ಕೋಣೆಯ ಮೇಜಿನ ಮೇಲೆ ಕಂಪ್ಯೂಟರಿಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವಳನ್ನು ಕರೆದೆ. ಇಬ್ಬರೂ ಆಟದ ಗುಹೆಯ ಬಾಗಿಲಲ್ಲಿ ನಿಂತೆವು. ಅವಳು ಒಳಗೆ ಕಾಲಿಡಲಿಲ್ಲ.

“ಅದೇನದು ಸದ್ದು?”

“ಯಾವ ಸದ್ದು?”

“ಹಿಟ್ಟಿನ ಗಿರಣಿ ಒಳಗೆ ಕೂತಂಗಿದೆ ನೀನು.”

ಹೆಡ್‌ಫೋನ್ ತೆಗೆದು ಕೇಳಿದೆ. ಇಂಜಿನ್. ನನ್ನ ಕೋಣೆಯ ಕೆಳಗೆ, ಹಗಲಿರುಳು, ನೆಲ ನಡುಗಿಸುತ್ತ, ಮೂರು ಮಹಡಿ ಎತ್ತರದ ಇಂಜಿನ್. ಹದಿನೆಂಟು ವರ್ಷದಿಂದ ಅದರ ನೆತ್ತಿಯ ಮೇಲೆ ಮಲಗುತ್ತಿರುವ ನನಗೆ ಅದು ಕೇಳಿಸುವುದೇ ನಿಂತುಹೋಗಿತ್ತು. ಇಲ್ಲಿ ಕಾಳಗದ ಕೋಣ ಕಟ್ಟಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ, ಇನ್ನು ಫ್ಯಾನಿನ ಮಾತೇನು. ಪೋಲೆಂಡಿನವನು ಸರಿಯಾಗಿಯೇ ಹೇಳಿದ್ದ.

ನೆರೀನಾ ನಕ್ಕಳು. ನಕ್ಕು ನಕ್ಕು ಕೆಮ್ಮಿದಳು. ನಾರಿದ ಮೀನನ್ನು ನೆನೆದು ಮತ್ತೆ ನಕ್ಕಳು. ಆಮೇಲೆ ನಗು ನಿಂತಿತು, ಬೂಟುಗಳು ನೆನಪಾದವೇನೋ. ನನಗಂತೂ ನೆನಪಾದವು. ನಾಲ್ಕು ದಿನ ಬೆಟ್ಟದಲ್ಲಿ ನನ್ನ ಜೊತೆ ಇರಬೇಕಾಗಿದ್ದವಳನ್ನು ನಾನು ಮನೆಯಲ್ಲೇ ಕೂರಿಸಿದ್ದೆ, ಇದಕ್ಕಾಗಿ. ಸದ್ದು ತೆಗೆಯುವ ಮೈಕುಗಳು ಸಿಗುತ್ತವೆ, ಒಳ್ಳೆಯದೊಂದನ್ನು ಹುಡುಕುತ್ತೇನೆ, ಒಂದೆರಡು ವಾರ ಕೊಡು ಎಂದು ಬಡಬಡಿಸತೊಡಗಿದೆ.

“ಬೇಡ. ಏನೂ ಹುಡುಕ್ಬೇಡ. ಹಂಗೇ ಬಿಡು.”

ಯಾಕೆಂದು ಅವಳೇ ಹೇಳಿದಳು. ಹಡಗಿನಿಂದ ಇಳಿದ ಮೊದಲ ದಿನಗಳಲ್ಲಿ ಮನೆಯ ನಿಶ್ಶಬ್ದಕ್ಕೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕೆ ಅವಳು ಅಡುಗೆಮನೆಯ ಚಿಮಣಿಯ ಫ್ಯಾನನ್ನು ಓಡಲು ಬಿಡುತ್ತಾಳೆ, ಪ್ರತಿ ರಜೆಯಲ್ಲೂ. ನನಗೆ ಗೊತ್ತಿದ್ದದ್ದು ಅಷ್ಟೇ. ನಾನು ಹೋದ ಮೇಲೂ ಅದು ಓಡುತ್ತಲೇ ಇರುತ್ತದೆಂದು ಗೊತ್ತಿರಲಿಲ್ಲ. ಅದಿಲ್ಲದೆ ಅವಳಿಗೂ ಈಗ ನಿದ್ದೆ ಬರುವುದಿಲ್ಲವಂತೆ.

“ಆಟ ಆಮೇಲೆ ಆಡೋಣ. ನಾನು ಸ್ಪೀಕರ್ ಜೋರು ಮಾಡಿ ಸೋಫಾ ಮೇಲೆ ಸ್ವಲ್ಪ ಮಲಗ್ತೀನಿ. ನೀನು ಮೈಕ್ ಆಫ್ ಮಾಡ್ಬೇಡ.”

ಚಪ್ಪಲಿ ಸರಸರ ಹೋಗುವುದು ಕೇಳಿಸಿತು. ಅಡುಗೆಮನೆಯ ಕಡೆಯಿಂದ ಟಿಕ್ ಎಂದಿತು. ಚಿಮಣಿ ನಿಂತಿತು. ಅಷ್ಟು ಹೊತ್ತೂ ಅದು ಓಡುತ್ತಿತ್ತೆಂದು ನನಗೆ ಆಗ ತಿಳಿಯಿತು. ನಾನು ಗುಹೆಯ ಬಾಗಿಲಲ್ಲಿ ಕತ್ತಿ ಹಿಡಿದು ನಿಂತೇ ಇದ್ದೆ, ಅವಳು ಏಳುವ ತನಕ.