ಉಸ್ತಾದರು ಕೂಡಿಸಿದ ಬ್ಲೇಡು

"ತೊಲಿ ಮ್ಯಾಲ ಇದೇನಲೇ, ಎಮ್ಮಿ ಹೂಡಿ ಗಳೇ ಹೊಡದೀಯೇನು? ಏಳನೇತ್ತಕ್ಕ ಸಾಲಿ ಬಿಟ್ಟ ತಲಿ ಇದು! ಇಂಥವನ ಕೈಗೆ ಮಷೀನ್ ಕೊಟ್ಟಿದ್ದು ನನ್ನ ತಪ್ಪು!"

ಪಾಮನಕಲ್ಲೂರಿನ ಪಂಪಾಪತಿಯ ಹೊಸ ಪಡಸಾಲೆಯಲ್ಲಿ ಬಡಿಗ ಖಾದರಬಾಷಾ ಹೀಗೆ ಕೂಗಿದಾಗ ಗಾರೆ ಕೆಲಸದವರು ಕೈ ನಿಲ್ಲಿಸಿ ನಕ್ಕರು. ಮಸ್ಕಿಯ ತಮ್ಮ ಅಂಗಡಿಯಲ್ಲಿ ಈ ಉಸ್ತಾದರು ಬೈಯುವುದು ದಖನಿ ಉರ್ದುವಿನಲ್ಲಿ. ಇಂದು ಎಲ್ಲರಿಗೂ ತಿಳಿಯಲೆಂದೇ ಕನ್ನಡ ಹಿಡಿದಿದ್ದರು.

ಅವರ ಶಿಷ್ಯ ಜಾಹೀದ್ ಕಟ್ಟಿಗೆ ಹೆರೆಯುವ ರಂದಾ ಮಷೀನಿನ ಗುಂಡಿ ಬಿಟ್ಟ. ಹಳೆ ಮಾಳಿಗೆ ಕೆಡವಿ ತೆಗೆದ ಸಾಗವಾನಿ ತೊಲೆ ಅದು. ಅದರ ಮೈತುಂಬ ಸಣ್ಣ ಸಣ್ಣ ಅಲೆಗಳು ಎದ್ದಿದ್ದವು.

ಮೊದಲ ಎಳೆತಕ್ಕೇ ಅವನಿಗೆ ಗೊತ್ತಾಗಿತ್ತು. ಎರಡೂ ಬ್ಲೇಡು ಸಮ ಕಚ್ಚಿದರೆ ಮಷೀನು ಒಂದೇ ಹದದಲ್ಲಿ ಗುಂಯ್ಗುಡುತ್ತದೆ. ಒಂದು ಕೂದಲೆಳೆಯಷ್ಟು ಮೇಲೆದ್ದರೂ ಸಾಕು, ಕಟಕಟ ಶುರು. ಮುಂಜಾನೆ ಬ್ಲೇಡು ಮಸೆದು ಕೂಡಿಸಿದವರು ಉಸ್ತಾದರೇ. ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಕಡೆಗೆ ಹೆಬ್ಬೆರಳ ಉಗುರನ್ನೇ ನಂಬಿ ಬಿಗಿದಿದ್ದರು. ಜಾಹೀದ್ ಮೆಲ್ಲಗೆ, "ಉಸ್ತಾದ್, ಒಂದ್ಸಲ ಪಟ್ಟಿ ಇಟ್ಟು ನೋಡೋಣೇನ್ರಿ?" ಎಂದಿದ್ದ. "ನನಗ ಕಲಸ್ತೀಯೇನಲೇ?" ಎಂದು ಅವರು ಕಣ್ಣು ಕೆಕ್ಕರಿಸಿದ್ದರು. ಉಸ್ತಾದರು ಕೂಡಿಸಿದ ಬ್ಲೇಡನ್ನು ಶಾಗಿರ್ದ ಬಿಚ್ಚಬಾರದು. ಅದು ಅವರ ಅಂಗಡಿಯ ಅದಬು, ಹಿರಿಯರಿಗೆ ಕೊಡುವ ಮರ್ಯಾದೆ. ಅವರ ಕಣ್ಣು ಮಂಜಾಗಿದ್ದನ್ನು ಹತ್ತು ಜನರ ಮುಂದೆ ಹೇಳಲಾರದೆ ಜಾಹೀದ್ ಹಲ್ಲು ಕಚ್ಚಿ ಮಷೀನು ನೂಕಿದ್ದ.

ಸುಮ್ಮನಿರಲು ಇನ್ನೊಂದು ಕಾರಣವೂ ಇತ್ತು. "ಈ ತೊಲಿಗೋಳು ಮುಗೀಲಿ, ಲಿಂಗಸುಗೂರಿನ ಮನಿ ಕಟ್ಟಿಗಿ ಕೆಲಸಕ್ಕ ನೀನ ಮುಖ್ಯ ಮಿಸ್ತ್ರಿ," ಎಂದಿದ್ದರು ಉಸ್ತಾದರು. ಎಂಟು ವರ್ಷ ಅವರ ಹಿಂದೆ ಹೊಟ್ಟು ಕುಡಿದವನಿಗೆ ಅದೊಂದೇ ಮಾತು ಗಂಟಲಿಗೆ ನೀರು. ತಾಯಿ ಖಾತೂನ್‌ಬೀ ಆಗಲೇ ಮಸ್ಕಿಯ ಓಣಿಗೆಲ್ಲ ಸಾರಿ ಬಂದಿದ್ದಳು.

ಪಂಪಾಪತಿ ತೊಲೆಯ ಮೇಲೆ ಕೈಯಾಡಿಸಿದ. "ಬ್ಲೇಡ್ ಯಾರು ಕೂಡ್ಸಿದ್ದು?"

ಜಾಹೀದ್ ಉಸ್ತಾದರ ಮುಖ ನೋಡಿದ. ಉಸ್ತಾದರು ಗೋಡೆ ನೋಡಿದರು. "ಇವನ ರೀ. ಮತ್ಯಾರು?"

ಚಹಾ ತಂದಿದ್ದ ಪಂಪಾಪತಿಯ ಹೆಂಡತಿ ರೇಣುಕಮ್ಮ, "ಅಲ್ಲರಿ, ಮುಂಜಾನೆ ಚಾಚಾರ ಕೂಡ್ಸಾಕತ್ತಿದ್ರು, ನಾ ನೋಡೀನಿ..." ಎಂದಳು.

"ನೀ ಒಳಗ ನಡಿ," ಎಂದ ಪಂಪಾಪತಿ.

ಜಾಹೀದನ ಕಿವಿ ಕಾದವು. ಪ್ಲಗ್ ಕಿತ್ತ. ಮಷೀನನ್ನು ಅಂಗಾತ ಮಲಗಿಸಿ, ಎಲ್ಲರೆದುರಿಗೇ ಉಸ್ತಾದರ ಬ್ಲೇಡಿನ ಬೋಲ್ಟು ಸಡಿಲಿಸಿದ. "ಏ! ಯಾರನ್ನ ಕೇಳಿ ಬಿಚ್ಚಾಕತ್ತಿ?" ಎಂದರು ಅವರು. ಅವನು ಬೋಲ್ಟಿನ ಸಂದಿಯ ಹೊಟ್ಟು ಊದಿದ. ಮಷೀನಿನ ಹಿಂದಿನ ತಳದ ಮೇಲೆ ನೆಟ್ಟನೆಯ ಕಟ್ಟಿಗೆ ಪಟ್ಟಿಯಿಟ್ಟು, ಎರಡೂ ಅಲಗು ಅದಕ್ಕೆ ಸಮ ತಾಗುವವರೆಗೆ ಇಳಿಸಿ ಬಿಗಿದ. ಆಮೇಲೆ ಪ್ಲಗ್ ಹಾಕಿ ತೊಲೆಗೆ ಹಚ್ಚಿದ. ಶುರುವಿನಲ್ಲಿ ಭಾರ ಮುಂದಿನ ಕೈಗೆ, ಕೊನೆಯಲ್ಲಿ ಹಿಂದಿನ ಕೈಗೆ. ಕಟಕಟ ಇಲ್ಲ. ನಾಲ್ಕು ಎಳೆತಕ್ಕೆ ಅಲೆಗಳೆಲ್ಲ ಸಿಪ್ಪೆಯಾಗಿ ಹಾರಿ, ಸಾಗವಾನಿಯ ಜೇನುಬಣ್ಣ ಹೊರಬಿತ್ತು. ಗಾರೆಯವರೂ ಬಂದು ಮುಟ್ಟಿ ನೋಡಿದರು.

"ಬೆಣ್ಣಿ ಆಗೇತಿ ನೋಡ್ರಿ," ಎಂದ ಪಂಪಾಪತಿ.

"ಬೈದ್ರ ಬುದ್ಧಿ ಬರ್ತೈತ್ರಿ," ಎಂದು ಖಾದರಬಾಷಾ ಗಡ್ಡ ನೀವಿಕೊಂಡರು. ಆಮೇಲೆ ಜಾಹೀದನ ಕಡೆ ತಿರುಗಿದರು. "ಆದ್ರ ನನ್ನ ಬ್ಲೇಡಿಗೆ ಕೈ ಹಾಕಿದಿ ನೀ. ಲಿಂಗಸುಗೂರಿಗೆ ನಮ್ಮ ಅಳಿಯ ಪರ್ವೇಜ್ ಮಿಸ್ತ್ರಿ. ನೀ ಅವನ ಕೈಕೆಳಗ ನಿಲ್ಲು. ನಾಳೆ ಎಂಟಕ್ಕ ಬಾ. ಕೇಳಿಸ್ತೇನಲೇ? ಬರ್ತೀಯಿಲ್ಲೋ?"

ಜಾಹೀದ್ ಕಡೆಯದೊಂದು ಎಳೆತ ಎಳೆದು ಗುಂಡಿ ಬಿಟ್ಟ. ಮಷೀನಿನೊಳಗೆ ಬ್ಲೇಡಿನ ಉರುಳೆ ಇನ್ನೂ ತಿರುಗುತ್ತಿತ್ತು. ತಿರುಗುವಾಗ ಕೆಳಗಿಟ್ಟರೆ ಅಲಗು ಹಾಳು. ಅದು ಪೂರ್ತಿ ನಿಲ್ಲುವವರೆಗೆ ಜಾಹೀದ್ ಮಷೀನನ್ನು ಎತ್ತಿ ಹಿಡಿದೇ ನಿಂತ. ಉರುಳೆ ನಿಂತದ್ದೇ ಅದನ್ನು ತೊಲೆಯ ಮೇಲೆ ಪಕ್ಕಕ್ಕೆ ಮಲಗಿಸಿ, ತಲೆಯ ಹೊಟ್ಟು ಕೊಡವಿ, ಮೆಟ್ಟು ಹಾಕಿಕೊಂಡು ಮಸ್ಕಿಯ ದಾರಿ ಹಿಡಿದ.

"ಏ ಜಾಹೀದ್, ನಿನ್ನ ಕೇಳಾಕತ್ತೀನಿ!"

ಅವನು ನಡೆಯುತ್ತಲೇ ಇದ್ದ.