ಶ್ರುತಿಗೆ ಕೂತ ಗರಗಸ

ಭಾವನ ಕಿವಿಯ ಬಗ್ಗೆ ಕಿಡಿಗೆ ಯಾವತ್ತೂ ಅನುಮಾನ ಇರಲಿಲ್ಲ. ಆ ಎರಡು ಕಿವಿಗಳ ನಡುವೆ ಇರುವುದರ ಬಗ್ಗೆ ಮಾತ್ರ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಕಿಡಿ ಎನ್ನುವುದು ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಗರಗಸದ ಬ್ಲೇಡುಗಳನ್ನು ತುದಿಗೆ ತುದಿ ಬೆಸೆದು ಬಳೆಯಂತೆ ಮಾಡಿಕೊಡುವುದು ಅವಳ ಕಸುಬು. ಬೆಸುಗೆ ಉಜ್ಜುವಾಗ ಹಾರುವ ಕಿಡಿಗಳಿಂದಲೋ, ಬಾಯಿ ಬಿಟ್ಟರೆ ಹಾರುವ ಕಿಡಿಗಳಿಂದಲೋ, ಮರಗೆಲಸದವರೆಲ್ಲ ಇಪ್ಪತ್ತೆರಡು ವರ್ಷದಿಂದ ಹಾಗೇ ಕರೆಯುತ್ತಿದ್ದರು. ಭಾವ, ಅಂದರೆ ಅಕ್ಕನ ಗಂಡ, ಪಿಟೀಲು ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಪಿಟೀಲು ನುಡಿಸುವುದಷ್ಟೇ ಸಾಲದು, ಪಿಟೀಲನ್ನೇ ಮಾಡುತ್ತೇನೆ ಎಂದು ಹೊರಟು, ಮನೆಯ ಹಿಂದಿನ ಕೋಣೆಗೆ ಒಂದು ಬ್ಯಾಂಡ್‌ಸಾ ಯಂತ್ರ ತಂದು ಕೂರಿಸಿದ್ದರು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಸುತ್ತಿ ಓಡುವ ಬ್ಲೇಡು, ನಡುವೆ ಮರ ಇಡುವ ಮೇಜು. ಯಂತ್ರ ಒಳ್ಳೆಯದೇ. ಅದು ಸೇರಿದ ಮನೆ ಸರಿಯಿರಲಿಲ್ಲ.

ಆರು ತಿಂಗಳಲ್ಲಿ ಭಾವ ಐದು ಬ್ಲೇಡು ಮುರಿದರು. ಮುರಿಯದೆ ಉಳಿದವು ಮರದೊಳಗೆ ಕುಡಿದವನ ಹಾಗೆ ಅಡ್ಡಾದಿಡ್ಡಿ ನಡೆದವು. ಎಲ್ಲವೂ ಕಿಡಿ ಬೆಸೆದವೇ. "ಬೆಸುಗೆ ಸರಿಯಿಲ್ಲ. ನಾದವೇ ಒಡಕು" ಎಂದು ಭಾವ ತೀರ್ಪು ಕೊಟ್ಟರು. ಮನೆಯೊಳಗೇ ಕೊಟ್ಟಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಭಾವನ ಹತ್ತಿರ ಪಾಠಕ್ಕೆ ಬರುವ ಹುಡುಗಿಯೊಬ್ಬಳ ಅಪ್ಪ ಕುರ್ಚಿ ಕಾರ್ಖಾನೆಯ ಯಜಮಾನ. ಕಿಡಿಯ ಕೆಲಸದಲ್ಲಿ ಮುಕ್ಕಾಲು ಪಾಲು ಅವನದೇ. ಒಂದು ತಿಂಗಳಿಂದ ಅವನ ಕಡೆಯಿಂದ ಒಂದು ಬ್ಲೇಡೂ ಅವಳ ಅಂಗಡಿಯ ಬಾಗಿಲು ದಾಟಿರಲಿಲ್ಲ. ಕೊನೆಗೆ ಅವಳೇ ಫೋನ್ ಮಾಡಿದಾಗ ಯಜಮಾನ ಗಂಟಲು ಸರಿಮಾಡಿಕೊಂಡ. "ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಬಾಮ್ಮ. ಅಲ್ಲೇ ನೋಡೋಣ. ಬೆಸುಗೇದೇ ತಪ್ಪು ಅಂತಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಭಾನುವಾರ ಹೋದಾಗ ಮುರಿದ ಐದು ಬ್ಲೇಡುಗಳನ್ನು ಭಾವ ಬಿಳಿ ಬಟ್ಟೆಯ ಮೇಲೆ ಮಲಗಿಸಿದ್ದರು. ಯಜಮಾನ ಕುರ್ಚಿಯಲ್ಲಿ ಮೊಣಕಾಲು ಜೋಡಿಸಿಕೊಂಡು, ಕಚೇರಿಗೆ ಬಂದ ಕಕ್ಷಿದಾರನಂತೆ ಕೂತಿದ್ದ. ಕಿಡಿ ಒಂದೊಂದೇ ತುಂಡು ಎತ್ತಿ ಬೆಳಕಿಗೆ ಹಿಡಿದಳು. ಎಲ್ಲವೂ ಹಲ್ಲಿನ ಬುಡದಲ್ಲಿ ಬಿರುಕು ಬಿಟ್ಟು ಮುರಿದಿದ್ದವು. ಬೆಸುಗೆ ಇದ್ದ ಜಾಗ ಗೇಣು ದೂರದಲ್ಲಿ ಗಟ್ಟಿಯಾಗಿ ಕೂತಿತ್ತು.

"ನೋಡಿ ಯಜಮಾನ್ರೇ. ನನ್ನ ಬೆಸುಗೆ ಇಲ್ಲಿದೆ. ಮುರಿದಿರೋದು ಅಲ್ಲಿ."

"ಕಾಯಿಲೆ ಇರೋ ಕಡೇನೇ ನೋವು ಬರಬೇಕು ಅಂತೇನಿಲ್ಲಮ್ಮ" ಎಂದರು ಭಾವ ಮೆಲ್ಲಗೆ, ತಾಳ ತಪ್ಪಿದ ವಿದ್ಯಾರ್ಥಿಗೆ ಹೇಳುವಂತೆ. "ಅದೆಲ್ಲ ಕಿವಿ ಇದ್ದೋರಿಗೆ ಗೊತ್ತಾಗುತ್ತೆ. ನೀನು ಪಾಪ, ಹಗಲೆಲ್ಲ ಆ ಕಿರ್ರೋ ಸದ್ದಲ್ಲಿರೋಳು."

ಯಜಮಾನ ಈಗ ವಕೀಲರ ಕಚೇರಿಯಲ್ಲಲ್ಲ, ಸಂಗೀತ ಕಛೇರಿಯಲ್ಲಿ ಕೂತವನಂತೆ ತಲೆದೂಗಿದ.

ಕಿಡಿ ಪ್ಲಗ್ಗು ಕಿತ್ತು ಯಂತ್ರದ ಮೇಲಿನ ಬಾಗಿಲು ತೆಗೆದಳು. ಮೇಲಿನ ಚಕ್ರವನ್ನು ಎತ್ತಿ ಬ್ಲೇಡನ್ನು ಬಿಗಿ ಮಾಡುವ ಸ್ಪ್ರಿಂಗು ಸುರುಳಿಗೆ ಸುರುಳಿ ಹೆಚ್ಚುಕಡಿಮೆ ಅಂಟಿಕೊಂಡು ನಿಂತಿತ್ತು.

"ಇದಕ್ಕೆ ಉಸಿರಾಡೋಕೂ ಜಾಗ ಬಿಟ್ಟಿಲ್ವಲ್ಲ ಭಾವ! ಪಕ್ಕದಲ್ಲಿ ಗೆರೆ ಹಾಕಿ ಕೊಟ್ಟಿದಾರೆ, ಎಷ್ಟು ಅಗಲದ ಬ್ಲೇಡಿಗೆ ಎಷ್ಟು ಬಿಗಿ ಅಂತ. ನೋಡಿಲ್ವಾ?"

"ಆ ಗೆರೆಗಳು ಕಿವುಡರಿಗೆ. ನನಗ್ಯಾಕೆ?"

"ಮತ್ತೆ ಹೇಗೆ ಬಿಗಿ ಮಾಡ್ತೀರಿ?"

ಇದೇ ಪ್ರಶ್ನೆಗೆ ಕಾದಿದ್ದವರಂತೆ ಭಾವ ತೋಳು ಮಡಚಿದರು. ಒಂದು ದಪ್ಪ ಮರದ ತುಂಡನ್ನು ಮೇಜಿನ ಮೇಲಿಟ್ಟರು. ಬ್ಲೇಡು ಪಕ್ಕಕ್ಕೆ ಹೊರಳದಂತೆ ಮೇಲಿನಿಂದ ಹಿಡಿದುಕೊಳ್ಳುವ ಗೈಡನ್ನು, ತುಂಡಿಗೆ ಜಾಗವಾಗಲೆಂದು ಮೇಲಕ್ಕೆ ಸರಿಸಿದರು. ಕಣ್ಣು ಮುಚ್ಚಿ ಬ್ಲೇಡನ್ನು ಬೆರಳಿನಿಂದ ಮೀಟಿದರು. ಮೂಗಿನಲ್ಲಿ ಒಂದು ಸ್ವರ ಹಿಡಿದು, ಮೀಟುತ್ತ ಮೀಟುತ್ತ ಸ್ಪ್ರಿಂಗು ಬಿಗಿಯುವ ಮೇಲಿನ ತಿರುಪನ್ನು ಹಿಂಡತೊಡಗಿದರು. ಬ್ಲೇಡು ಅವರ ಮೂಗಿನ ಜೊತೆ ಸೇರಿದಾಗ ಕಣ್ಣು ತೆರೆದರು.

"ಯಾವ ಬ್ಲೇಡಾಗ್ಲಿ, ಯಾವ ಮರವಾಗ್ಲಿ, ಒಂದೇ ಶ್ರುತಿ. ರಾಜಿ ಇಲ್ಲ."

"ಆಹಾ" ಎಂದ ಯಜಮಾನ.

ಕಿಡಿಗೆ ನಗು ಬಂತು. ನುಂಗಿಕೊಂಡಳು. "ತೆಳು ಹಲಗೆ ಕೊಯ್ಯೋದಾದ್ರೆ?"

ಭಾವ ತುಂಡನ್ನು ತೆಗೆದು ಗೈಡನ್ನು ಮೇಜಿನ ಹತ್ತಿರಕ್ಕೆ ಇಳಿಸಿ ಮತ್ತೆ ಮೀಟಿದರು. ಮುಖ ಹುಳಿ ಹಿಂಡಿದಂತಾಯಿತು. "ಕೇಳು! ಶ್ರುತಿ ಎಲ್ಲಿಗೋ ಏರಿಬಿಟ್ಟಿದೆ. ನಿನ್ನ ಬ್ಲೇಡು ನಿಂತಲ್ಲೇ ತಾನಾಗಿ ಬಿಗಿಯಾಗುತ್ತೆ. ಬೆಸುಗೆ ಸರಿಯಿರೋ ಬ್ಲೇಡು ಹೀಗೆ ಮಾಡುತ್ತಾ?" ಎನ್ನುತ್ತ ತಿರುಪನ್ನು ಆರು ಸುತ್ತು ಸಡಿಲಿಸಿದರು.

"ಮುರಿಯೋದು ಯಾವಾಗ? ದಪ್ಪ ತುಂಡು ಕೊಯ್ಯುವಾಗ. ಸೊಟ್ಟ ಹೋಗೋದು ತೆಳು ಹಲಗೇಲಿ. ಹೌದೋ ಅಲ್ವೋ?"

ಭಾವ ಹುಬ್ಬೇರಿಸಿದರು. "ಹೌದು. ನಿನಗೆ ಹೇಗೆ ಗೊತ್ತು?"

"ಕಿವುಡಿ ಅಲ್ವಾ, ಕಣ್ಣಿಂದ ನೋಡ್ದೆ. ಸ್ವಲ್ಪ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ ಭಾವ. ನಾನು ಬ್ಲೇಡನ್ನ ಏನು ಮಾಡ್ದೆ ಅಂತ ಬರೀ ಕಿವೀಲಿ ಹೇಳಬೇಕು."

ಇಂಥ ಆಹ್ವಾನವನ್ನು ಭಾವ ಜನ್ಮದಲ್ಲಿ ಬಿಟ್ಟವರಲ್ಲ. ತಿರುಗಿ ನಿಂತರು. ಚಹಾ ತಂದ ಅಕ್ಕ ಬಾಗಿಲಲ್ಲೇ ನಿಂತಳು.

ಕಿಡಿ ಪ್ಲಗ್ಗು ಕಿತ್ತಿರುವುದನ್ನು ಇನ್ನೊಮ್ಮೆ ನೋಡಿ, ಗೈಡನ್ನು ಮೇಲಕ್ಕೆ ಸರಿಸಿ ಬ್ಲೇಡು ಮೀಟಿದಳು.

"ಸಡಿಲ ಮಾಡಿದೆ" ಎಂದರು ಭಾವ ಗೋಡೆಗೆ. "ಚೆನ್ನಾಗೇ ಸಡಿಲ ಮಾಡಿದೆ."

ಇಳಿಸಿ ಮೀಟಿದಳು.

"ಬಿಗಿ ಮಾಡಿದೆ."

ನಡುವಿಗೆ ತಂದು ಮೀಟಿದಳು.

"ಮತ್ತೆ ಸಡಿಲ, ಆದರೆ ಮೊದಲಿನಷ್ಟಿಲ್ಲ. ಇನ್ನೂ ಎಷ್ಟು ಸಲ ಪರೀಕ್ಷೆ ಮಾಡ್ತೀಯಮ್ಮ? ಈ ಕಿವಿ ನಲವತ್ತು ವರ್ಷ ಪಳಗಿದ್ದು."

ಯಜಮಾನನ ಬಾಯಿ ತೆರೆದಿತ್ತು. ಅಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಯಜಮಾನ್ರೇ, ನಾನು ತಿರುಪು ಮುಟ್ಟಿದ್ನಾ?"

"ಇಲ್ಲ" ಎಂದ ಅವನು. "ಮೇಷ್ಟ್ರೇ, ಆಯಮ್ಮ ತಿರುಪಿನ ಹತ್ರಾನೂ ಹೋಗ್ಲಿಲ್ಲ. ಬರೀ ಗೈಡು ಮೇಲೆ ಕೆಳಗೆ ಮಾಡಿದ್ದು."

ಭಾವ ತಿರುಗಿದರು. "ಅಂದ್ರೆ?"

"ಪಿಟೀಲಲ್ಲಿ ಸ್ವರ ಏರಿಸ್ಬೇಕಾದ್ರೆ ಪ್ರತಿ ಸಲ ಬಿರಡೆ ತಿರುಗಿಸ್ತೀರಾ ಭಾವ?"

"ಹುಚ್ಚಾ? ಬಿರಡೆ ಯಾಕೆ ತಿರುಗಿಸ್ಲಿ. ಬೆರಳು ಇಟ್ಟು ತಂತಿನ ಗಿಡ್ಡ..."

ಅವರ ಎಡಗೈ ಬೆರಳುಗಳು ಗಾಳಿಯಲ್ಲಿ ಇಲ್ಲದ ತಂತಿಯನ್ನು ಒಂದೆರಡು ಸಲ ಒತ್ತಿದವು.

ಕಿಡಿ ಬಿಡಲಿಲ್ಲ. ಬಿಟ್ಟರೆ ಅವಳು ಕಿಡಿಯೇ ಅಲ್ಲ. "ಗೈಡು ಇಳಿಸಿದ್ರೆ ಬ್ಲೇಡು ಗಿಡ್ಡ, ಸ್ವರ ಮೇಲೆ. ನೀವು ಸಡಿಲ ಮಾಡ್ತೀರಿ, ಅದು ಸೊಟ್ಟ ಹೋಗುತ್ತೆ. ಎತ್ತಿದ್ರೆ ಉದ್ದ, ಸ್ವರ ಕೆಳಗೆ. ಸ್ಪ್ರಿಂಗು ಸಾಯೋವರೆಗೂ ಹಿಂಡ್ತೀರಿ, ಅದು ಮುರಿಯುತ್ತೆ. ನಲವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳ್ಕೊಟ್ಟು, ಹಿಂದಿನ ಕೋಣೆಗೆ ಬರುವಾಗ ತಲೆನ ಮುಂದಿನ ಕೋಣೇಲಿ ಬಿಟ್ಟು ಬಂದ್ರಾ?"

"ಇದು ಯಂತ್ರದ ಪುಸ್ತಕದಲ್ಲಿ ಬರೆದಿರಲಿಲ್ಲ" ಎಂದರು ಭಾವ.

"ಪುಸ್ತಕದ ಪ್ಲಾಸ್ಟಿಕ್ಕನ್ನೇ ಬಿಚ್ಚಿಲ್ವಲ್ಲ ನೀವು" ಎಂದಳು ಅಕ್ಕ.

ಕಿಡಿ ಹೊಸ ಬ್ಲೇಡು ಏರಿಸಿ, ಸ್ಪ್ರಿಂಗನ್ನು ಗೆರೆಗೆ ತಂದಳು. ಗೈಡನ್ನು ಪೂರ್ತಿ ಮೇಲಕ್ಕೆತ್ತಿ ಬ್ಲೇಡಿನ ಪಕ್ಕವನ್ನು ಬೆರಳಿನಿಂದ ಒತ್ತಿ, ಉಗುರಿನ ಅರ್ಧದಷ್ಟು ಬಾಗುವುದನ್ನು ಭಾವನ ಕೈಯಿಂದಲೇ ಮುಟ್ಟಿಸಿದಳು. ಆಮೇಲೆ ಪ್ಲಗ್ಗು ಹಾಕಿ, ದಪ್ಪ ತುಂಡನ್ನು ಅವರ ಕೈಯಲ್ಲೇ ಕೊಯ್ಯಿಸಿದಳು. ಹಾಳೆಯಂಥ ಹಲಗೆ ನೇರವಾಗಿ ಬಂತು. ಭಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮಗುವನ್ನು ನೋಡುವ ಹಾಗೆ. ಅವಳಿಗೆ ಒಂದು ಗಳಿಗೆ ಪಾಪ ಎನಿಸಿತು. ಒಂದೇ ಗಳಿಗೆ.

"ನಾಳೆಯಿಂದ ಬ್ಲೇಡು ಕಳಿಸ್ತೀನಮ್ಮ" ಎಂದ ಯಜಮಾನ ಎದ್ದು ನಿಂತು.

"ಕಳಿಸಿ. ಇಪ್ಪತ್ತೆರಡು ವರ್ಷ ನಿಮ್ಮ ಕಣ್ಣೆದುರೇ ಓಡಿದ ಬೆಸುಗೆಗಿಂತ ಇವರ ಮೂಗಿನ ರಾಗ ನಿಮಗೆ ದೊಡ್ಡದಾಯ್ತಲ್ಲ, ಅದನ್ನೂ ಸ್ವಲ್ಪ ಯೋಚನೆ ಮಾಡಿ." ಅವಳು ಭಾವನ ಕಡೆ ತಿರುಗಿದಳು. "ಇವರಿಗೊಬ್ರಿಗೇ ಹೇಳಿದ್ರಾ, ಇನ್ನೂ ಯಾರಿಗಾದ್ರೂ?"

ಭಾವ ಹಲಗೆ ನೋಡುತ್ತಲೇ ಇದ್ದರು. "ಇನ್ನೊಂದು ನಾಲ್ಕು ಜನಕ್ಕೆ" ಎಂದಳು ಅಕ್ಕ.

"ಫೋನ್ ತಗೊಳ್ಳಿ ಭಾವ."

ಮೊದಲನೆಯವನಿಗೆ ಅವರು ಬ್ಲೇಡಿನಲ್ಲಿ ದೋಷವಿಲ್ಲ, ಯಂತ್ರದ್ದು ಏನೋ ಸಣ್ಣ ತೊಂದರೆ ಎಂದರು.

"ಯಂತ್ರಾನೂ ಚೆನ್ನಾಗೇ ಇದೆ" ಎಂದಳು ಅಕ್ಕ, ಚಹಾದ ಲೋಟ ಕೊಡದೆ ಹಿಡಿದುಕೊಂಡೇ. "ಮತ್ತೆ ಮಾಡಿ."

ಅವನಿಗೇ ಎರಡನೆಯ ಸಲ ಮಾಡಿ, ಸರಿಯಾಗಿ ಹೇಳಿದರು. ಮುಂದಿನ ಇಬ್ಬರಿಗೂ ಪಿಸುಮಾತಿನಲ್ಲಿ ಮುಗಿಸಿದರು. ನಾಲ್ಕನೆಯವನು ಸರಕು ಸಾಗಿಸುವ ಮರದ ಪೆಟ್ಟಿಗೆ ಮಾಡುವವನು. ಅವನ ಕಡೆ ಮೂರು ಯಂತ್ರ ಒಟ್ಟಿಗೆ ಓಡುತ್ತಿದ್ದವು.

"ಏನು ಮೇಷ್ಟ್ರೇ? ಯಾರ ತಪ್ಪು? ಕೇಳಿಸ್ತಿಲ್ಲ, ಜೋರಾಗಿ ಹೇಳಿ!"

ಭಾವ ಒಮ್ಮೆ ಕಿಡಿಯನ್ನು, ಒಮ್ಮೆ ಅಕ್ಕನ ಕೈಯಲ್ಲಿ ಆರುತ್ತಿದ್ದ ಚಹಾವನ್ನು ನೋಡಿದರು. ಆಮೇಲೆ ಬೀದಿಯ ಆ ತುದಿಗೂ ಕೇಳುವಂತೆ ಕೂಗಿದರು.

"ನಂದು ಕಣಯ್ಯಾ! ನಂದೇ!"